ರಾಣಿಗೆ ಕೈಬೀಸೋದೊಂದೇ ಕೆಲಸ ಅನ್ನೋರಿಗೆ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಬ್ರಿಟನ್ನಿನ ಎರಡನೇ ಎಲಿಜಬೆತ್ ರಾಣಿ ಹುಟ್ಟಿ 2026ರ ಏಪ್ರಿಲ್ 21ಕ್ಕೆ ನೂರು ವರ್ಷ ಅಂತ ನಿಮ್ಮ ಪತ್ರಿಕೇಲಿ ಬಂದ ಲೇಖನ ಓದಿದೆ, ಅದಾದ ಮೇಲೆ ವಾಚಕರ ಪತ್ರಗಳಲ್ಲಿ ನಡೀತಿರೋ ಜಗಳನೂ ಓದ್ತಾ ಇದೀನಿ. ಅರ್ಧ ಜನ ಆಕೆ ತ್ಯಾಗಮಯಿ, ಕರ್ತವ್ಯದ ಮೂರ್ತಿ ಅಂತ ಹೊಗಳ್ತಾರೆ, ಇನ್ನರ್ಧ ಜನ ಎಪ್ಪತ್ತು ವರ್ಷ ಬಣ್ಣಬಣ್ಣದ ಟೋಪಿ ಹಾಕ್ಕೊಂಡು ಕೈಬೀಸಿದ್ದು ಬಿಟ್ರೆ ಇನ್ನೇನ್ ಮಾಡಿದ್ರು, ಕೊಹಿನೂರ್ ವಾಪಸ್ ಕೊಟ್ರಾ, ಜಲಿಯನ್‌ವಾಲಾ ಬಾಗ್‌ಗೆ ಕ್ಷಮೆ ಕೇಳಿದ್ರಾ ಅಂತ ಬೈತಾರೆ. ಹೊಗಳೋರು ಬೈಯೋರು ಇಬ್ರೂ ಬರೀದೇ ಬಿಟ್ಟಿದ್ದು ಒಂದಿದೆ, ಆಕೆ ಬೆಳಗಾದ್ರೆ ಮಾಡ್ತಿದ್ದ ಕೆಲಸ ಏನು ಅನ್ನೋದು. ನಾನು ತಾಲೂಕು ಕಚೇರಿಲಿ ಫೈಲು ಟಪಾಲು ಅಂತ ಸರ್ವಿಸ್ ಮುಗಿಸಿ ರಿಟೈರ್ ಆದೋನು, ಯಾರ ಮೇಲೆ ದೂರು ಬಂದ್ರೂ ಮೊದ್ಲು ಅವ್ರ ಡ್ಯೂಟಿ ಏನಿತ್ತು, ಪವರ್ ಎಷ್ಟಿತ್ತು ಅಂತ ನೋಡೋದು ಅಭ್ಯಾಸ ಆಗೋಗಿದೆ. ಹಾಗೇ ನೋಡಿ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ, ಜಾಗ ಇದ್ರೆ ಹಾಕಿ.

ಮೊದ್ಲು, ಹುಟ್ಟಿದಾಗ ಈಕೆ ರಾಣಿ ಆಗ್ತಾರೆ ಅಂತ ಯಾರೂ ಅಂದ್ಕೊಂಡಿರ್ಲಿಲ್ಲ. 1926ರಲ್ಲಿ ಲಂಡನ್ನಿನ ಬ್ರೂಟನ್ ಸ್ಟ್ರೀಟಲ್ಲಿ ತಾಯಿ ಕಡೆ ತಾತನ ಮನೇಲಿ ಹುಟ್ಟಿದ್ದು, ಅಪ್ಪ ರಾಜನ ಎರಡನೇ ಮಗ, ಪಟ್ಟ ದೊಡ್ಡಪ್ಪನಿಗೆ. ಆ ದೊಡ್ಡಪ್ಪ 1936ರ ಜನವರಿಲಿ ಎಂಟನೇ ಎಡ್ವರ್ಡ್ ಅಂತ ರಾಜ ಆದ, ಒಂದು ಡೈವೋರ್ಸ್ ಆಗಿ ಎರಡನೇದು ಕೋರ್ಟಲ್ಲಿದ್ದ ಅಮೆರಿಕದ ವಾಲಿಸ್ ಸಿಂಪ್ಸನ್‌ನೇ ಮದ್ವೆ ಆಗೋದು ಅಂತ ಹಠ ಹಿಡಿದು ಡಿಸೆಂಬರ್‌ನಲ್ಲಿ ಪಟ್ಟ ಬಿಟ್ಟು ಹೊರಟೇ ಹೋದ. ಮಾತಾಡುವಾಗ ಉಗ್ಗುತ್ತಿದ್ದ ತಮ್ಮ ಆರನೇ ಜಾರ್ಜ್ ಆದ, ಹತ್ತು ವರ್ಷದ ಮಗಳು ಮುಂದಿನ ವಾರಸುದಾರಳು ಆದಳು. ಮನೆತನದ ಒಬ್ಬ ಹಿರೀಕ ತನಗೆ ಬೇಕಾದ್ದು ಮಾಡ್ಕೊಂಡು ಹೋದಾಗ ಏನೇನು ರಾದ್ಧಾಂತ ಆಯ್ತು ಅನ್ನೋದನ್ನ ಆ ವಯಸ್ಸಲ್ಲಿ ಕಣ್ಣಾರೆ ಕಂಡ ಹುಡುಗಿ, ಮುಂದೆ ಜೀವನ ಪೂರ್ತಿ ತನ್ನ ಮನಸ್ಸಲ್ಲಿ ಏನಿದೆ ಅಂತ ಹೊರಗಡೆ ಬಿಟ್ಕೊಡ್ಲಿಲ್ಲ ಅಂದ್ರೆ ಆಶ್ಚರ್ಯ ಏನಿಲ್ಲ ಬಿಡಿ.

ಸ್ಕೂಲಿಗೆ ಹೋದೋರಲ್ಲ, ಮನೆಪಾಠ. ಆದ್ರೆ ಒಂದು ಪಾಠ ಗಟ್ಟಿಯಾಗಿ ಆಯ್ತು, ಈಟನ್ ಶಾಲೆಯ ಹೆನ್ರಿ ಮಾರ್ಟನ್ ಅನ್ನೋ ಮೇಷ್ಟ್ರ ಹತ್ರ ಇಂಗ್ಲೆಂಡಿನ ಸಂವಿಧಾನದ ಚರಿತ್ರೆ. ಅಲ್ಲಿ ಬರೆದಿಟ್ಟ ಒಂದೇ ಸಂವಿಧಾನ ಅಂತಿಲ್ಲ, ರೂಢಿ, ಹಳೇ ಕಾನೂನು, ಸಂಪ್ರದಾಯ ಇವೇ ಎಲ್ಲಾ. ಹತ್ತೊಂಬತ್ತನೇ ಶತಮಾನದಲ್ಲಿ ಒಬ್ರು, ಅವ್ರೂ ನಿಮ್ಮ ಹಾಗೇ ಪತ್ರಿಕೆಯ ಸಂಪಾದಕ್ರು, ರಾಜನಿಗೆ ಉಳಿದಿರೋ ಹಕ್ಕು ಮೂರೇ ಅಂತ ಬರೆದಿಟ್ಟು ಹೋದ್ರು. ಮಂತ್ರಿಗಳು ಏನ್ ಮಾಡೋಕೆ ಹೊರಟಿದಾರೆ ಅಂತ ತಿಳ್ಕೊಂಡು ತನ್ನ ಅಭಿಪ್ರಾಯ ಹೇಳೋದು, ಬೆನ್ನು ತಟ್ಟೋದು, ಎಚ್ಚರಿಸೋದು. ಅಷ್ಟೇ. ಬೇಡ ಅನ್ನೋ ಹಕ್ಕಿಲ್ಲ. ಎಪ್ಪತ್ತು ವರ್ಷ ಈ ಮೂರರ ಮೇಲೇ ನಡೀತು.

ಎರಡನೇ ಮಹಾಯುದ್ಧದ ಕೊನೇ ವರ್ಷ ಸೈನ್ಯದ ಮಹಿಳಾ ದಳಕ್ಕೆ ಸೇರಿ ಲಾರಿ ಓಡ್ಸೋದು, ಎಂಜಿನ್ ಬಿಚ್ಚಿ ಜೋಡ್ಸೋದು ಕಲಿತ್ರು, 21ನೇ ಹುಟ್ಟುಹಬ್ಬಕ್ಕೆ ದಕ್ಷಿಣ ಆಫ್ರಿಕಾದ ಕೇಪ್‌ಟೌನಿಂದ ರೇಡಿಯೋದಲ್ಲಿ ನನ್ನ ಆಯಸ್ಸು ಎಷ್ಟೇ ಇರ್ಲಿ ಅದು ನಿಮ್ಮ ಸೇವೆಗೆ ಅಂತ ಮಾತು ಕೊಟ್ರು, ಅದೇ ವರ್ಷ ಅಂದ್ರೆ 1947ರ ನವೆಂಬರ್‌ನಲ್ಲಿ ಫಿಲಿಪ್ ಜೊತೆ ಮದ್ವೆ, ಬಟ್ಟೆಗೆ ರೇಶನ್ ಇದ್ದ ಕಾಲ, ಮದ್ವೆ ಗೌನಿಗೂ ಕೂಪನ್ ಲೆಕ್ಕ. ಇವೆಲ್ಲ ನಿಮ್ಮ ಲೇಖನದಲ್ಲಿ ಬಂದಿದೆ, ಬಿಡ್ತೀನಿ. 1952ರ ಫೆಬ್ರವರಿ 6ಕ್ಕೆ ಅಪ್ಪ ನಿದ್ದೇಲೇ ತೀರ್ಕೊಂಡಾಗ ಮಗಳು ಕೀನ್ಯಾದಲ್ಲಿದ್ರು, ಪ್ರಾಣಿ ನೋಡೋಕೆ ಮರದ ಮೇಲೆ ಕಟ್ಟಿದ್ದ ಹೋಟ್ಲಲ್ಲಿ ರಾತ್ರಿ ಕಳೆದು ಬಂದಿದ್ರು, ಸುದ್ದಿ ಹೇಳಿದ್ದು ಗಂಡ. ವಯಸ್ಸು ಇಪ್ಪತ್ತೈದು. ಕೀನ್ಯಾ ಅನ್ನೋದನ್ನ ನೆನಪಲ್ಲಿ ಇಟ್ಕೊಳ್ಳಿ, ಕೆಳಗೆ ಬೇಕಾಗುತ್ತೆ.

ಈಗ ಡ್ಯೂಟಿಗೆ ಬರ್ತೀನಿ. ರೆಡ್ ಬಾಕ್ಸ್ ಅಂತ ಅಲ್ಲಿ ಒಂದಿದೆ, ಕೆಂಪು ಚರ್ಮ ಹೊದ್ದಿಸಿದ ಬೀಗದ ಪೆಟ್ಟಿಗೆ. ಕ್ಯಾಬಿನೆಟ್ ಕಾಗದಗಳು, ವಿದೇಶಾಂಗ ಇಲಾಖೆ ಟೆಲಿಗ್ರಾಮು, ಗುಪ್ತಚರ ವರದಿ, ರುಜು ಆಗ್ಬೇಕಾದ ಆದೇಶ, ಎಲ್ಲಾ ಅದ್ರಲ್ಲೇ ಬರೋದು. ಲಂಡನ್ನಲ್ಲಿರ್ಲಿ, ಸ್ಕಾಟ್ಲೆಂಡಿನ ಬಾಲ್ಮೊರಲ್‌ನಲ್ಲಿ ರಜೆ ಮೇಲಿರ್ಲಿ, ಹಡಗಲ್ಲಿರ್ಲಿ, ಪೆಟ್ಟಿಗೆ ಹಿಂದೇನೇ ಬರೋದು, ಕ್ರಿಸ್ಮಸ್ಸು ಅಂಥ ಒಂದೆರಡು ದಿನ ಮಾತ್ರ ಬಿಡುವು. ಇದು ಸಾಲ್ದು ಅಂತ ಪಾರ್ಲಿಮೆಂಟಲ್ಲಿ ಅವತ್ತು ಯಾರು ಏನ್ ಮಾತಾಡಿದ್ರು, ಎಲ್ಲಿ ಗಲಾಟೆ ಆಯ್ತು ಅಂತ ಆಡಳಿತ ಪಕ್ಷದ ಒಬ್ಬ ವಿಪ್ ಅರಮನೆಗೆ ರಿಪೋರ್ಟ್ ಬರೆದು ಕಳಿಸ್ಬೇಕು, ಅದೂ ಓದ್ಬೇಕು. ಫೈಲು ಓದದೇ ರುಜು ಹಾಕೋ ಸಾಹೇಬ್ರನ್ನ ನಾನು ಕಂಡಿದೀನಿ, ಹೆಸ್ರು ಬೇಡ, ಫೈಲು ಕೈಗೆ ಬರೋ ಮೊದ್ಲೇ ಪೆನ್ ಕ್ಯಾಪ್ ತೆಗೆದಿರೋರು. ಈಕೆ ಓದ್ತಿದ್ರು ಅನ್ನೋದಕ್ಕೆ ಸಾಕ್ಷಿ ಅರಮನೆಯೋರು ಹೇಳಿದ್ದಲ್ಲ, ಪ್ರಧಾನಿಗಳೇ ಹೇಳಿದ್ದು.

ವಾರಕ್ಕೊಂದ್ಸಲ ಸಾಯಂಕಾಲ ಪ್ರಧಾನಿ ಬಂದು ರಾಣಿನ ಕಾಣ್ಬೇಕಿತ್ತು. ರೂಮಲ್ಲಿ ಇಬ್ರೇ, ಮೂರನೇಯವ್ರಿಲ್ಲ, ನಡಾವಳಿ ಬರ್ಕೊಳ್ಳೋದಿಲ್ಲ. ಹೆರಾಲ್ಡ್ ವಿಲ್ಸನ್ ಅನ್ನೋ ಲೇಬರ್ ಪಕ್ಷದ ಪ್ರಧಾನಿ, 1964ರಲ್ಲಿ ಮೊದಲನೇ ಸಲ ಅಧಿಕಾರಕ್ಕೆ ಬಂದೋರು, 1976ರಲ್ಲಿ ರಾಜೀನಾಮೆ ಕೊಡುವಾಗ ನನ್ನ ಜಾಗಕ್ಕೆ ಬರೋರಿಗೆ ನಾನು ಹೇಳೋದು, ರಾಣಿ ಹತ್ರ ಹೋಗೋ ಮೊದ್ಲು ಹೋಂವರ್ಕ್ ಮಾಡ್ಕೊಂಡು ಹೋಗಿ ಅಂತ ಹೇಳಿ ಹೋದ್ರು. ಈತ ತನಗೆ ಗೊತ್ತಿಲ್ಲದ ಯಾವ್ದೋ ಕಾಗದದ ವಿಷಯ ಆಕೆ ಕೇಳ್ಬಿಟ್ಟಾಗ ಮುಖ ಕೆಂಪಗೆ ಮಾಡ್ಕೊಂಡಿದ್ದ ಕತೆ ಅದು. ಚರ್ಚಿಲ್ ಹುಟ್ಟಿದ್ದು 1874ರಲ್ಲಿ, ಲಿಜ್ ಟ್ರಸ್ ಹುಟ್ಟಿದ್ದು 1975ರಲ್ಲಿ, ನೂರು ವರ್ಷದ ಅಂತರದಲ್ಲಿ ಹುಟ್ಟಿದ ಹದಿನೈದು ಜನ ಪ್ರಧಾನಿಗಳು ಆಕೆ ಕಾಲದಲ್ಲಿ ಬಂದು ಹೋದ್ರು, ಒಳಗೆ ಆಕೆ ಏನ್ ಹೇಳಿದ್ರು ಅನ್ನೋದು ಹೊರಗೆ ಬರ್ಲಿಲ್ಲ ಅಂತಾನೇ ಹೇಳ್ಬೇಕು. ಬಂದಾಗ ಅದೇ ದೊಡ್ಡ ಸುದ್ದಿ ಆಗೋದು. 2014ರಲ್ಲಿ ಸ್ಕಾಟ್ಲೆಂಡಿನ ಜನಮತಗಣನೆ ಆದ ಮೇಲೆ ಕ್ಯಾಮರಾನ್ ಅವ್ರು ನ್ಯೂಯಾರ್ಕಲ್ಲಿ ಯಾರ ಹತ್ರಾನೋ, ಸ್ಕಾಟ್ಲೆಂಡ್ ಬೇರೆ ಆಗ್ಲಿಲ್ಲ ಅಂತ ಹೇಳಿದ ತಕ್ಷಣ ರಾಣಿ ಎಷ್ಟು ಖುಷಿಪಟ್ರು ಗೊತ್ತಾ ಅಂತ ಬಾಯಿಬಿಟ್ರು, ಮೈಕು ಅದನ್ನ ಹಿಡ್ಕೊಂಡ್ಬಿಡ್ತು, ಪಾಪ ಪ್ರಧಾನಿನೇ ಸಾರಿ ಕೇಳ್ಬೇಕಾಯ್ತು. ಅದೇ ವೋಟಿಂಗ್‌ಗೆ ಮುಂಚೆ ಚರ್ಚ್ ಬಾಗ್ಲಲ್ಲಿ ನಿಂತಿದ್ದ ಜನಕ್ಕೆ ರಾಣಿ ಹೇಳಿದ್ದು ಇಷ್ಟೇ, ಭವಿಷ್ಯದ ಬಗ್ಗೆ ಜನ ಚೆನ್ನಾಗಿ ಯೋಚ್ನೆ ಮಾಡ್ತಾರೆ ಅಂದ್ಕೊಂಡಿದೀನಿ ಅಂತ. ಆ ಒಂದು ಸಾಲಿಗೆ ಅಲ್ಲಿನ ಪತ್ರಿಕೆಗಳು ಮುಖಪುಟ ಕೊಟ್ವು. ಮಾತಾಡದೇ ಇರೋರ ಒಂದು ಮಾತಿಗೆ ಅಷ್ಟು ತೂಕ. ನಮ್ಮಲ್ಲಿ ಸಾಂವಿಧಾನಿಕ ಹುದ್ದೇಲಿ ಇರೋ ಕೆಲವ್ರು ದಿನಕ್ಕೊಂದು ಹೇಳಿಕೆ ಕೊಡೋದು ನೋಡಿದಾಗ ನಂಗೆ ಇದು ಜ್ಞಾಪಕ ಬರುತ್ತೆ.

ಪಾರ್ಲಿಮೆಂಟ್ ಪಾಸ್ ಮಾಡಿದ ಮಸೂದೆಗೆ ರಾಣಿ ಅಂಕಿತ ಬೀಳ್ಬೇಕಿತ್ತು, ಬಿದ್ದೇ ಬೀಳ್ತಿತ್ತು. ಕೊನೇದಾಗಿ ಅಂಕಿತ ಹಾಕಲ್ಲ ಅಂದಿದ್ದು 1708ರಲ್ಲಿ ಆನ್ ಅನ್ನೋ ರಾಣಿ, ಆಮೇಲೆ ಯಾರೂ ಇಲ್ಲ. ಪಾರ್ಲಿಮೆಂಟ್ ಅಧಿವೇಶನ ಶುರು ಆಗೋ ದಿನದ ತಮಾಷೆ ನೋಡ್ಬೇಕು ನೀವು. ರಾಣಿ ಕಿರೀಟ ಹಾಕ್ಕೊಂಡು ಬಂದು ಲಾರ್ಡ್ಸ್ ಅನ್ನೋ ಮೇಲ್ಮನೇಲಿ ಸಿಂಹಾಸನದ ಮೇಲೆ ಕೂತ್ಕೋತಿದ್ರು, ಚುನಾಯಿತ ಸದಸ್ಯರನ್ನ ಕರ್ಕೊಂಡು ಬಾ ಅಂತ ಬ್ಲ್ಯಾಕ್ ರಾಡ್ ಅನ್ನೋ ಅಧಿಕಾರಿನ ಕಳಿಸ್ತಿದ್ರು, ಆತ ಕಾಮನ್ಸ್ ಸಭೆ ಬಾಗ್ಲ ಹತ್ರ ಬರೋದೇ ತಡ, ಮುಖದ ಮೇಲೆ ಹೊಡೆದ ಹಾಗೆ ದಢಾರ್ ಅಂತ ಬಾಗ್ಲು ಹಾಕ್ತಾರೆ. ಆತ ಕೋಲಲ್ಲಿ ಮೂರು ಸಲ ಕುಟ್ಬೇಕು, ಆಮೇಲೆ ತೆಗೀತಾರೆ. 1642ರಲ್ಲಿ ಒಂದನೇ ಚಾರ್ಲ್ಸ್ ರಾಜ ಐದು ಜನ ಸದಸ್ಯರನ್ನ ಹಿಡ್ಯೋಕೆ ಸೈನಿಕರ ಜೊತೆ ಒಳಗೆ ನುಗ್ಗಿದ್ದ, ಅವತ್ತಿಂದ ಇವತ್ತಿನವರೆಗೆ ಯಾವ ರಾಜನೂ ರಾಣಿನೂ ಆ ಸಭೆ ಒಳಗೆ ಕಾಲಿಡಂಗಿಲ್ಲ. ಆಮೇಲೆ ರಾಣಿ ಭಾಷಣ ಓದ್ತಿದ್ರು, ನನ್ನ ಸರ್ಕಾರ ಅದು ಮಾಡುತ್ತೆ ಇದು ಮಾಡುತ್ತೆ ಅಂತ, ಒಂದಕ್ಷರನೂ ಆಕೆ ಬರೆದಿದ್ದಲ್ಲ, ಎಲ್ಲಾ ಕ್ಯಾಬಿನೆಟ್ ಬರ್ಕೊಟ್ಟಿದ್ದು. ಬೆಂಗಳೂರಲ್ಲಿ ವಿಧಾನಮಂಡಲದ ಜಂಟಿ ಅಧಿವೇಶನದಲ್ಲಿ ರಾಜ್ಯಪಾಲರು ನನ್ನ ಸರ್ಕಾರ ಅಂತ ಓದೋದೂ ಅಲ್ಲಿಂದ ಬಂದ ಪದ್ಧತಿನೇ, ನಮ್ಮ ಸಂವಿಧಾನದಲ್ಲಿ ಅದು 176ನೇ ವಿಧಿ ಅಂತ ಬರವಣಿಗೇಲಿದೆ. ಉಕ್ಕು ಉದ್ಯಮದ ರಾಷ್ಟ್ರೀಕರಣಕ್ಕೂ, ಆದ್ಮೇಲೆ ಥ್ಯಾಚರ್ ಕಾಲದ ಖಾಸಗೀಕರಣಕ್ಕೂ, ಯುರೋಪ್ ಒಕ್ಕೂಟ ಸೇರೋದಕ್ಕೂ ಬಿಡೋದಕ್ಕೂ, ಎಲ್ಲದಕ್ಕೂ ಅರಮನೆ ಒಂದೇ ಮುಖ ಇಟ್ಕೊಂಡಿತ್ತು, ರಾಣಿ ಓದಿದ್ದು ಒಂದೇ ದನೀಲಿ.

ಹಾಗಂತ ಆಕೆ ಕೈಲಿ ಏನೂ ಇರ್ಲೇ ಇಲ್ಲ ಅಂತಲ್ಲ. 1957ರಲ್ಲಿ ಮ್ಯಾಕ್‌ಮಿಲನ್‌ನ, 1963ರಲ್ಲಿ ಡಗ್ಲಸ್ ಹೋಂನ ಪ್ರಧಾನಿ ಮಾಡಿದ್ದು ಆಕೆನೇ, ಆಗ ಕನ್ಸರ್ವೇಟಿವ್ ಪಕ್ಷದಲ್ಲಿ ನಾಯಕನ ಆಯ್ಕೆಗೆ ವೋಟಿಂಗೇ ಇರ್ಲಿಲ್ಲ, ದೊಡ್ಡೋರು ಹೋಗಿ ಕಿವೀಲಿ ಹೇಳಿದ ಹೆಸ್ರು ಆಗ್ತಿತ್ತು. 1963ರಲ್ಲಂತೂ ಮ್ಯಾಕ್‌ಮಿಲನ್ ಆಸ್ಪತ್ರೆ ಮಂಚದ ಮೇಲಿದ್ರು, ರಾಣಿ ಅಲ್ಲಿಗೇ ಹೋಗಿ ಅವ್ರ ಮಾತು ಕೇಳ್ಕೊಂಡು ಬಂದು ಹೋಂಗೆ ಪಟ್ಟ ಕಟ್ಟಿದ್ರು, ಬಟ್ಲರ್ ಅನ್ನೋ ಅನುಭವಸ್ಥ ಎರಡೂ ಸಲ ಹೊರಗುಳಿದ್ರು. ಟೀಕೆ ಬಂತು, ಪಕ್ಷದೋರು 1965ರಿಂದ ಚುನಾವಣೆ ಇಟ್ಕೊಂಡ್ರು, ಆ ಬಾಗ್ಲೂ ಮುಚ್ಚಿತು. 2010ರಲ್ಲಿ ಯಾರಿಗೂ ಬಹುಮತ ಬರದೇ ಇದ್ದಾಗ ಅರಮನೆ ಪಕ್ಕಕ್ಕೆ ಸರಿದು ನಿಂತಿತ್ತು, ನೀವ್ನೀವು ಮಾತಾಡ್ಕೊಂಡು ಬನ್ನಿ ಅಂತ. ರೆಸಾರ್ಟು, ಅರ್ಧರಾತ್ರಿ ಪ್ರಮಾಣವಚನ ಏನೂ ಇಲ್ಲ.

ಇನ್ನೊಂದು ಹೇಳ್ಬೇಕು, 2019ರದ್ದು. ಬ್ರೆಕ್ಸಿಟ್, ಅಂದ್ರೆ ಯುರೋಪ್ ಒಕ್ಕೂಟ ಬಿಡೋ ಗಲಾಟೆ ಜೋರಾಗಿದ್ದಾಗ ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ಪಾರ್ಲಿಮೆಂಟ್‌ನ ಐದು ವಾರ ಬಂದ್ ಮಾಡೋಕೆ ಸಲಹೆ ಕೊಟ್ರು. ಆಗಸ್ಟ್ 28ಕ್ಕೆ ಬಾಲ್ಮೊರಲ್‌ನಲ್ಲಿ ಪ್ರಿವಿ ಕೌನ್ಸಿಲ್ ಅನ್ನೋ ರಾಣಿಯ ಸಲಹಾ ಮಂಡಳಿ ಮೀಟಿಂಗ್, ಅದು ವಿಕ್ಟೋರಿಯಾ ಕಾಲದಿಂದ ಎಲ್ರೂ ನಿಂತ್ಕೊಂಡೇ ಮಾಡೋ ಮೀಟಿಂಗು, ಕುರ್ಚಿ ಇದ್ರೆ ಮಾತು ಉದ್ದ ಆಗುತ್ತೆ ನೋಡಿ. ರಾಣಿ ಒಪ್ಪಿಗೆ ಅಂದ್ರು, ಮುಗೀತು. ತಿಂಗಳೊಳಗೆ, ಸೆಪ್ಟೆಂಬರ್ 24ಕ್ಕೆ, ಸುಪ್ರೀಂ ಕೋರ್ಟಿನ ಹನ್ನೊಂದು ಜಡ್ಜುಗಳು ಒಮ್ಮತದಿಂದ ಆ ಸಲಹೆನೇ ಕಾನೂನುಬಾಹಿರ, ಬಂದ್ ಆಗಿಲ್ಲ ಅಂತ್ಲೇ ಲೆಕ್ಕ ಅಂದ್ಬಿಟ್ರು. ತಪ್ಪು ಸಲಹೆ ಕೊಟ್ಟೋರದ್ದು, ರುಜು ಹಾಕಿದೋರದ್ದಲ್ಲ ಅಂತಾಯ್ತು. ಆದ್ರೆ ಎಚ್ಚರಿಸೋ ಹಕ್ಕು ಅಂತ ಒಂದಿತ್ತಲ್ಲ, ಅದನ್ನ ಅವತ್ತು ಬಳಸಿದ್ರಾ ಇಲ್ವಾ ಅನ್ನೋ ಪ್ರಶ್ನೆ ನನ್ನ ತಲೇಲಿ ಹಾಗೇ ಇದೆ.

ಜನರ ಮಧ್ಯೆ ಓಡಾಡೋದು ಇನ್ನೊಂದು ಡ್ಯೂಟಿ. ಆರುನೂರಕ್ಕೂ ಹೆಚ್ಚು ಸಂಸ್ಥೆಗಳಿಗೆ ಪೋಷಕಿ, ನೂರಕ್ಕೂ ಹೆಚ್ಚು ದೇಶ ಸುತ್ತಿದ್ರು, ಪಾಸ್‌ಪೋರ್ಟ್ ಇಲ್ದೇ, ಯಾಕಂದ್ರೆ ಅಲ್ಲಿ ಆಗ ಪಾಸ್‌ಪೋರ್ಟ್ ಕೊಡ್ತಿದ್ದುದೇ ರಾಣಿ ಹೆಸ್ರಲ್ಲಿ. ಈಸ್ಟರ್ ಹಿಂದಿನ ಗುರುವಾರ ತನ್ನ ವಯಸ್ಸು ಎಷ್ಟೋ ಅಷ್ಟು ಜನ ಗಂಡಸ್ರು ಅಷ್ಟೇ ಜನ ಹೆಂಗಸ್ರಿಗೆ, ಎಲ್ಲಾ ವಯಸ್ಸಾದೋರು, ಅದಕ್ಕೇ ಅಂತ ಹೊಡೆಸಿದ ಬೆಳ್ಳಿ ನಾಣ್ಯ ಹಂಚೋದು. ನೂರು ತುಂಬಿದೋರಿಗೆ ಕಾರ್ಡು. 2000ನೇ ಇಸವಿಲಿ ಆ ಕಾರ್ಡು ತನ್ನ ತಾಯಿಗೇ ಕಳಿಸೋ ಭಾಗ್ಯ ಬಂತು, ತನಗೆ ಮಾತ್ರ ನಾಲ್ಕು ವರ್ಷ ಕಮ್ಮಿ ಬಿತ್ತು. ನಿಮ್ಮ ವಾಚಕರೊಬ್ರು ಆಡಿಕೊಂಡಿರೋ ಗಿಳಿಹಸ್ರು, ಅರಿಶಿನ, ರಾಣಿಬಣ್ಣದ ಬಟ್ಟೆ ಇದೆಯಲ್ಲ, ಅದೂ ಡ್ಯೂಟಿನೇ ಸ್ವಾಮಿ. ಆಕೆ ಕುಳ್ಳಗಿದ್ರು, ಮಳೇಲಿ ಗಂಟೆಗಟ್ಲೆ ಕಾದು ನಿಂತ ಜನಕ್ಕೆ ಹಿಂದಿನ ಸಾಲಿಂದ್ಲೂ ಕಾಣ್ಬೇಕು ಅಂತ ಆ ಬಣ್ಣ, ಮುಖ ಮುಚ್ಚಬಾರ್ದು ಅಂತ ಟೋಪಿ ಅಂಚು ಸಣ್ಣದು.

ಈ ಡ್ಯೂಟಿಲಿ ಆಕೆ ಸೋತಿದ್ದೂ ಇದೆ. 1966ರ ಅಕ್ಟೋಬರ್ 21, ವೇಲ್ಸಿನ ಆಬರ್‌ಫಾನ್ ಅನ್ನೋ ಕಲ್ಲಿದ್ದಲು ಗಣಿ ಊರು. ಗಣಿಯಿಂದ ತೆಗೆದ ಕಸದ ಗುಡ್ಡ ಮಳೆಗೆ ನೆನೆದು ನೆನೆದು ಬೆಳಿಗ್ಗೆ ಒಂಬತ್ತೂಕಾಲಿಗೆ ಜಾರಿ ಬಂದು ಪ್ರೈಮರಿ ಸ್ಕೂಲ್ ಮೇಲೆ ಬಿತ್ತು, ಮಕ್ಕಳು ಆಗ್ತಾನೇ ಕ್ಲಾಸಿಗೆ ಬಂದು ಕೂತಿದ್ರು. 116 ಮಕ್ಕಳು, 28 ಜನ ದೊಡ್ಡೋರು ಸತ್ರು. ಗಂಡ ಫಿಲಿಪ್ ಮಾರನೇ ದಿನವೇ ಹೋದ್ರು, ರಾಣಿ ಹೋಗಿದ್ದು ಎಂಟು ದಿನ ಬಿಟ್ಟು. ನಾನು ಹೋದ್ರೆ ಮಣ್ಣು ತೆಗೆಯೋರೆಲ್ಲ ಕೆಲಸ ಬಿಟ್ಟು ನನ್ನ ಹಿಂದೆ ಬರ್ತಾರೆ ಅಂತ ಆಕೆ ಲೆಕ್ಕ ಇತ್ತಂತೆ, ವಿಐಪಿ ಬಂದಾಗ ಪರಿಹಾರ ಕೆಲಸ ನಿಂತೋಗೋದನ್ನ ನೆರೆ ಸಮಯದಲ್ಲಿ ನೋಡಿರೋ ನಂಗೆ ಆ ಲೆಕ್ಕ ಅರ್ಥ ಆಗುತ್ತೆ, ಆದ್ರೂ ಮಗು ಕಳ್ಕೊಂಡ ತಾಯಿಗೆ ಆ ಲೆಕ್ಕ ಹೇಳೋಕಾಗುತ್ತಾ. ಹೋದಾಗ ಒಂದು ಚಿಕ್ಕ ಹುಡುಗಿ ಕೈಲಿ ಹೂವು ಕೊಡಿಸಿದ್ರು, ಉಳಿದ ಮಕ್ಕಳಿಂದ ಅಂತ ಬರೆದಿತ್ತು. ತಡ ಮಾಡಿದ್ದು ಆಕೆಗೆ ಕೊನೇವರೆಗೂ ಕೊರಗಾಗಿ ಉಳೀತು ಅಂತ ಹತ್ರದಿಂದ ಕೆಲಸ ಮಾಡಿದೋರು ಹೇಳಿದಾರೆ. ಆಮೇಲೆ ಆ ಊರಿಗೆ ಮತ್ತೆ ಮತ್ತೆ ಹೋದ್ರು, ಕೊನೇ ಸಲ 2012ರಲ್ಲಿ, ಅಲ್ಲಿ ಹೊಸ ಸ್ಕೂಲ್ ಓಪನ್ ಮಾಡೋಕೆ.

ನಮ್ಮೂರ ಕಡೆ ಬಂದಿದ್ದೂ ಹೇಳ್ಬೇಕಲ್ಲ. 1961ರ ಫೆಬ್ರವರಿಲಿ ಬೆಂಗಳೂರಿಗೆ ಬಂದ್ರು, ನಂದಿಬೆಟ್ಟದಲ್ಲಿ ಉಳ್ಕೊಂಡಿದ್ರು, ಲಾಲ್‌ಬಾಗಲ್ಲಿ ಒಂದು ಅರಕೇರಿಯಾ ಸಸಿ, ನಾವು ಕ್ರಿಸ್ಮಸ್ ಟ್ರೀ ಅಂತೀವಲ್ಲ ಅದು, ನೆಟ್ರು. ಬರಮಾಡ್ಕೊಂಡಿದ್ದು ಯಾರು ಗೊತ್ತಾ, ಜಯಚಾಮರಾಜೇಂದ್ರ ಒಡೆಯರು. ಮಹಾರಾಜರಾಗಿ ಅಲ್ಲ, ಮೈಸೂರು ರಾಜ್ಯದ ರಾಜ್ಯಪಾಲರಾಗಿ. ಆ ಭೇಟಿಯ ಫೋಟೋ ಬಗ್ಗೆ ಎಲ್ರೂ ಆನೆ, ಜರತಾರಿ ಪೇಟ ಅಂತ ಬರೀತಾರೆ, ನಂಗೆ ಕಾಣೋದು ಬೇರೆ. 1940ರಲ್ಲಿ ಪಟ್ಟಕ್ಕೆ ಬಂದು, ರಾಜ್ಯನ ಒಕ್ಕೂಟಕ್ಕೆ ಸೇರ್ಸಿ, ಮಂತ್ರಿಮಂಡಲ ಹೇಳಿದ್ದಕ್ಕೆ ಅಂಕಿತ ಹಾಕೋ ಕೆಲಸಕ್ಕೆ ಇಳಿದಿದ್ದ ಒಬ್ಬ ರಾಜ, ಹತ್ತನೇ ವಯಸ್ಸಿಂದ ಅದೊಂದೇ ಕೆಲಸಕ್ಕೆ ತಯಾರಾಗಿದ್ದ ಒಬ್ಬ ರಾಣಿ. ಇಬ್ರ ಡ್ಯೂಟಿನೂ ಒಂದೇ ಆಗಿತ್ತು ಅವತ್ತು. ಆಮೇಲೆ 1983ರಲ್ಲಿ, 1997ರಲ್ಲಿ ಭಾರತಕ್ಕೆ ಬಂದ್ರು, ಆದ್ರೆ ಬೆಂಗಳೂರಿನ ಆ ಭೇಟಿಯ ನೆನಪು ಹಳೇ ತಲೆಗಳಲ್ಲಿ ಇನ್ನೂ ಇದೆ.

ಇಷ್ಟು ಹೇಳಿದೀನಿ ಅಂದ್ರೆ ನಾನು ಹೊಗಳೋ ಪಾರ್ಟಿ ಅಂತ ಅಂದ್ಕೋಬೇಡಿ. ಆಕೆ 1993ರವರೆಗೆ ಇನ್‌ಕಮ್ ಟ್ಯಾಕ್ಸ್ ಕಟ್ಟಿರ್ಲಿಲ್ಲ. 1992ರ ನವೆಂಬರ್‌ನಲ್ಲಿ ವಿಂಡ್ಸರ್ ಅರಮನೆಗೆ ಬೆಂಕಿ ಬಿತ್ತು, ನೂರಕ್ಕೂ ಹೆಚ್ಚು ರೂಮು ಹಾಳಾಯ್ತು, ರಿಪೇರಿ ಸರ್ಕಾರದ ದುಡ್ಡಲ್ಲಿ ಅಂತ ಮಂತ್ರಿ ಅಂದಿದ್ದೇ ತಡ ಜನ ತಿರುಗಿಬಿದ್ರು, ಆಮೇಲೆ ತೆರಿಗೆನೂ ಬಂತು, ಬಕಿಂಗ್‌ಹ್ಯಾಮ್ ಅರಮನೆಗೆ ಟಿಕೆಟ್ ಇಟ್ಟು ಜನರನ್ನ ಒಳಗೆ ಬಿಟ್ಟು ಆ ದುಡ್ಡಲ್ಲಿ ರಿಪೇರಿನೂ ಆಯ್ತು. 2021ರಲ್ಲಿ ಗಾರ್ಡಿಯನ್ ಪತ್ರಿಕೆ ಹಳೇ ಸರ್ಕಾರಿ ಕಡತ ಹುಡುಕಿ ತೆಗೆದು ಇನ್ನೊಂದು ಬರೀತು. 1973ರಲ್ಲಿ ಕಂಪನಿಗಳ ಷೇರು ಯಾರ ಹೆಸ್ರಲ್ಲಿದೆ ಅಂತ ಬಹಿರಂಗ ಮಾಡ್ಬೇಕು ಅನ್ನೋ ಮಸೂದೆ ಬಂದಾಗ ರಾಣಿಯ ಖಾಸಗಿ ವಕೀಲ್ರು ಮಂತ್ರಿಗಳ ಹತ್ರ ಹೋಗಿ ಆಕೆ ಆಸ್ತಿ ವಿವರ ಹೊರಗೆ ಬಾರದ ಹಾಗೆ ವಿನಾಯಿತಿ ಕೇಳಿದ್ರು, ಅಂಥ ವಿನಾಯಿತಿ ಸೇರ್ತು ಅಂತ. ಅರಮನೆ ಇದು ಬರೀ ಫಾರ್ಮಾಲಿಟಿ, ಕಾನೂನು ತಡೆದಿಲ್ಲ ಅಂತು. ನನ್ನ ಮಟ್ಟಿಗೆ ಇಡೀ ಸರ್ವಿಸಲ್ಲಿ ಇದೇ ದೊಡ್ಡ ರಿಮಾರ್ಕು. ದೇಶದ ವಿಷಯಕ್ಕೆ ಬಾಯಿ ಇಲ್ಲ ಅನ್ನೋರು ಸ್ವಂತ ಆಸ್ತಿ ವಿಷಯಕ್ಕೆ ವಕೀಲ್ರನ್ನ ಕಳಿಸಿದ್ರೆ ಹೇಗೆ. ಮಗ ಆಂಡ್ರೂ ಮೇಲೆ ಅಷ್ಟು ಗಂಭೀರ ಆರೋಪ ಬಂದ್ಮೇಲೂ ಮಿಲಿಟರಿ ಗೌರವ ಪದವಿಗಳನ್ನ ವಾಪಸ್ ತಗೊಂಡಿದ್ದು 2022ರ ಜನವರಿಲಿ, ಬಹಳ ತಡ. ಡಯಾನಾ ತೀರ್ಕೊಂಡಾಗ ಐದು ದಿನ ಬಾಲ್ಮೊರಲ್‌ನಲ್ಲೇ ಕೂತಿದ್ದನ್ನ ಮಾತ್ರ ನಾನು ತಪ್ಪು ಅನ್ನಲ್ಲ, ತಾಯಿ ಸತ್ತ ಎರಡು ಮೊಮ್ಮಕ್ಕಳ ಪಕ್ಕ ಅಜ್ಜಿ ಇದ್ರು, ಇರ್ಬೇಕಾದ್ದೇ.

ಈಗ ಕ್ಷಮೆ ವಿಷಯ, ಇದಕ್ಕೇ ಇಷ್ಟುದ್ದ ಬರೆದಿದ್ದು. ಕೀನ್ಯಾ ನೆನಪಿದೆಯಲ್ಲ. ಆಕೆ ರಾಣಿ ಆದ ಅದೇ 1952ರ ಅಕ್ಟೋಬರ್‌ನಲ್ಲಿ ಅಲ್ಲಿ ಎಮರ್ಜೆನ್ಸಿ ಘೋಷಣೆ ಆಯ್ತು, ಬ್ರಿಟಿಷರ ವಿರುದ್ಧ ಎದ್ದ ಮೌ ಮೌ ಅನ್ನೋ ಬಂಡಾಯ ಹತ್ತಿಕ್ಕೋ ಹೆಸ್ರಲ್ಲಿ ಜನರನ್ನ ಕ್ಯಾಂಪುಗಳಿಗೆ ತುಂಬಿ ಚಿತ್ರಹಿಂಸೆ ಕೊಟ್ರು, ಎಲ್ಲಾ ಆಕೆ ಹೆಸರಿನ ಸರ್ಕಾರದಿಂದ್ಲೇ. 2013ರಲ್ಲಿ, ಅದೂ ಮುದುಕ್ರು ಮುದುಕೀರು ಲಂಡನ್ ಕೋರ್ಟಿಗೆ ಹೋದ್ಮೇಲೆ, ಬ್ರಿಟನ್ 5,228 ಜನಕ್ಕೆ ಸುಮಾರು 2 ಕೋಟಿ ಪೌಂಡ್ ಪರಿಹಾರ ಒಪ್ಕೊಳ್ತು, ವಿಷಾದ ಅಂತ ಹೇಳಿದ್ದು ವಿದೇಶಾಂಗ ಮಂತ್ರಿ. ರಾಣಿ ಮಾತಾಡ್ಲಿಲ್ಲ. 1997ರ ಅಕ್ಟೋಬರ್ 14ಕ್ಕೆ ಅಮೃತಸರಕ್ಕೆ ಬಂದು ಜಲಿಯನ್‌ವಾಲಾ ಬಾಗಲ್ಲಿ ಶೂ ಬಿಚ್ಚಿಟ್ಟು ಹೂಗುಚ್ಛ ಇಟ್ಟು ತಲೆಬಾಗಿ ನಿಂತ್ರು, ಹಿಂದಿನ ರಾತ್ರಿ ದಿಲ್ಲಿ ಔತಣಕೂಟದಲ್ಲಿ ಕಷ್ಟದ ಘಟನೆಗಳು ನಡೆದಿವೆ, ಚರಿತ್ರೆನ ತಿದ್ದಿ ಬರೆಯೋಕಾಗಲ್ಲ ಅನ್ನೋ ಅರ್ಥದ ಭಾಷಣ ಓದಿದ್ರು. ಕ್ಷಮೆ ಅನ್ನೋ ಮಾತು ಇರ್ಲಿಲ್ಲ. ಸಾಲ್ದು ಅಂತ ಫಿಲಿಪ್ ಅಲ್ಲಿನ ಫಲಕ ನೋಡಿ ಸತ್ತೋರು ಎರಡು ಸಾವಿರ ಅನ್ನೋದು ಜಾಸ್ತಿ ಆಯ್ತು, ಡಯರ್ ಮಗ ನನ್ನ ಜೊತೆ ನೇವಿಲಿದ್ದ ಅಂದು ಗಾಯಕ್ಕೆ ಉಪ್ಪು ಹಾಕಿದ್ರು.

ಆದ್ರೆ ಇದನ್ನೂ ನೋಡಿ. 1995ರ ನವೆಂಬರ್‌ನಲ್ಲಿ ನ್ಯೂಜಿಲೆಂಡಲ್ಲಿ ಒಂದು ಕಾನೂನಿಗೆ ಅದೇ ರಾಣಿ ತಾವೇ ಕೂತು ಅಂಕಿತ ಹಾಕಿದ್ರು. ಅಲ್ಲಿನ ವೈಕಾಟೋ ಪ್ರದೇಶದ ಮಾವೋರಿ ಜನರ ಮೇಲೆ 1860ರ ದಶಕದಲ್ಲಿ ಯುದ್ಧ ಮಾಡಿ ಜಮೀನು ಕಿತ್ಕೊಂಡಿದ್ದಕ್ಕೆ ಪರಿಹಾರ ಕೊಡೋ ಕಾನೂನು ಅದು, ಅದ್ರೊಳಗೆ ರಾಣಿ ಹೆಸ್ರಲ್ಲೇ ಸ್ಪಷ್ಟವಾಗಿ ಕ್ಷಮಾಪಣೆ ಬರೆದಿತ್ತು, ಯಾಕಂದ್ರೆ ನ್ಯೂಜಿಲೆಂಡ್ ಕ್ಯಾಬಿನೆಟ್ ಅದನ್ನ ಬರೆದಿತ್ತು. ಮುಂದೆ 2011ರಲ್ಲಿ ಐರ್ಲೆಂಡಿಗೆ ಹೋದಾಗ ಬ್ರಿಟನ್ ವಿರುದ್ಧ ಹೋರಾಡಿ ಸತ್ತೋರ ಸ್ಮಾರಕಕ್ಕೇ ತಲೆಬಾಗಿದ್ರು, ಮಾರನೇ ವರ್ಷ ಐಆರ್‌ಎ ಅನ್ನೋ ಐರಿಶ್ ಸಶಸ್ತ್ರ ಸಂಘಟನೆಯ ಹಳೇ ನಾಯಕ ಮಾರ್ಟಿನ್ ಮೆಕ್‌ಗಿನ್ನೆಸ್ ಕೈ ಕುಲುಕಿದ್ರು, ಗಂಡನ ಸೋದರಮಾವ ಮೌಂಟ್‌ಬ್ಯಾಟನ್‌ನ ಬಾಂಬಿಟ್ಟು ಕೊಂದಿದ್ದು ಅದೇ ಐಆರ್‌ಎ. ಅಂದ್ರೆ ಫೈಲು ಮೇಲೆ ಬಂದಿದ್ರೆ ರುಜು ಬೀಳ್ತಿತ್ತು. ಜಲಿಯನ್‌ವಾಲಾ ಬಾಗ್ ಫೈಲು ಲಂಡನ್ನಿನ ಯಾವ ಪ್ರಧಾನಿನೂ ಮೇಲೆ ಕಳಿಸ್ಲಿಲ್ಲ. 2013ರಲ್ಲಿ ಕ್ಯಾಮರಾನ್ ನಾಚಿಕೆಗೇಡು ಅಂದ್ರು, 2019ರಲ್ಲಿ ಘಟನೆಗೆ ನೂರು ವರ್ಷ ತುಂಬಿದಾಗ ಥೆರೇಸಾ ಮೇ ನಾಚಿಕೆಗೇಡಿನ ಕಲೆ ಅಂದ್ರು, ಕ್ಷಮೆ ಅನ್ನೋಕೆ ಇಬ್ರಿಗೂ ಬಾಯಿ ಬರ್ಲಿಲ್ಲ. ದೂರು ಅರ್ಜಿ ಬರೆಯೋರು ವಿಳಾಸ ಸರಿಯಾಗಿ ಹಾಕ್ಬೇಕು ಸ್ವಾಮಿ, ಅರಮನೆಗಲ್ಲ, ಪ್ರಧಾನಿ ಇರೋ ಡೌನಿಂಗ್ ಸ್ಟ್ರೀಟ್ 10ನೇ ನಂಬರಿಗೆ.

ಕೊಹಿನೂರ್‌ದೂ ಅಷ್ಟೇ. 1849ರಲ್ಲಿ ಹತ್ತು ವರ್ಷದ ದುಲೀಪ್ ಸಿಂಗ್ ಕೈಯಿಂದ ಒಪ್ಪಂದ ಅಂತ ಬರೆಸ್ಕೊಂಡು ಕಿತ್ಕೊಂಡ ವಜ್ರ ಅದು, ಅದ್ರಲ್ಲಿ ನಂಗೆ ಅನುಮಾನ ಇಲ್ಲ. ಆದ್ರೆ ಅದಿರೋದು ಈಕೆ ತಾಯಿಗೆ ಅಂತ 1937ರಲ್ಲಿ ಮಾಡ್ಸಿದ ಕಿರೀಟದಲ್ಲಿ, 1953ರ ಪಟ್ಟಾಭಿಷೇಕದಲ್ಲಿ ಎಲಿಜಬೆತ್ ಹಾಕ್ಕೊಂಡ ಕಿರೀಟದಲ್ಲಿ ಅದು ಇರ್ಲೇ ಇಲ್ಲ. ಎಲ್ರೂ ಕೊಹಿನೂರ್ ಅಂತಾರೆ, 1947ರ ಮದ್ವೆಗೆ ಹೈದರಾಬಾದ್ ನಿಜಾಮ ಕೊಟ್ಟ ವಜ್ರದ ನೆಕ್ಲೆಸ್ ಸುದ್ದಿನೇ ಎತ್ತಲ್ಲ, ನಮ್ಮ ಬೀದರ್, ಕಲಬುರಗಿ, ರಾಯಚೂರು ಆಗ ಆತನ ಕೈಲಿತ್ತು, ಆ ಕಡೆ ರೈತ್ರು ಕಟ್ಟಿದ ಕಂದಾಯನೂ ಅದ್ರಲ್ಲಿ ಸೇರಿರುತ್ತೆ. ಅದೇ ಮದ್ವೆಗೆ ಗಾಂಧೀಜಿ ತಾವೇ ನೂತ ನೂಲಲ್ಲಿ ಹೆಣೆಸಿ, ಮಧ್ಯದಲ್ಲಿ ಜೈ ಹಿಂದ್ ಅಂತ ಬರೋ ಹಾಗೆ ಮಾಡ್ಸಿ ಒಂದು ಬಟ್ಟೆ ಕಳಿಸಿದ್ರು. ಆಕೆ ಅಜ್ಜಿಗೆ ಅದು ಯಾರದ್ದೋ ಕೌಪೀನದ ಹಾಗೆ ಕಂಡು ಮುಖ ಸಿಂಡರಿಸಿದ್ರಂತೆ. ಮೊಮ್ಮಗಳು ಎಪ್ಪತ್ತು ವರ್ಷ ಜೋಪಾನ ಮಾಡಿ ಇಟ್ಕೊಂಡು 2018ರಲ್ಲಿ ನಮ್ಮ ಪ್ರಧಾನಿ ಅಲ್ಲಿಗೆ ಹೋದಾಗ ತೆಗೆದು ತೋರ್ಸಿದ್ರು.

2022ರ ಸೆಪ್ಟೆಂಬರ್ 6ಕ್ಕೆ, ಅಂದ್ರೆ ಸಾಯೋಕೆ ಎರಡು ದಿನ ಮೊದ್ಲು, 96ರ ವಯಸ್ಸಲ್ಲಿ ಒಬ್ಬ ಪ್ರಧಾನಿ ರಾಜೀನಾಮೆ ತಗೊಂಡು ಇನ್ನೊಬ್ರನ್ನ ನೇಮಿಸಿದ್ರು, ಕೈಮೇಲೆ ಸೂಜಿ ಚುಚ್ಚಿದ ಹಾಗೆ ಕಪ್ಪಗಾಗಿತ್ತು, ಇನ್ನೊಂದು ಕೈಲಿ ಊರುಗೋಲು. ಅದು ಬಿಟ್ರೆ ಬಾಕಿ ಫೈಲು ಇರ್ಲಿಲ್ಲ ಅಂದ್ಕೋತೀನಿ.

ನಿಮ್ಮಲ್ಲಿ ಒಂದು ಕೋರಿಕೆ. ಒಡವೆ, ನಾಯಿ, ಸೊಸೆಯಂದಿರ ಜಗಳದ ಲೇಖನ ಸಾಕಷ್ಟು ಬಂದಿದೆ. 1961ರ ಫೆಬ್ರವರಿ ತಿಂಗಳ ಹಳೇ ಸಂಚಿಕೆಗಳು ನಿಮ್ಮ ಲೈಬ್ರರಿಲಿ ಇದ್ರೆ, ಬೆಂಗಳೂರು ಭೇಟಿಯ ವರದಿನ ತಿದ್ದದೇ ಹಾಗೇ ಒಂದ್ಸಲ ಮರುಮುದ್ರಣ ಮಾಡಿ. ಜೊತೆಗೆ ಲಾಲ್‌ಬಾಗಿನ ಆ ಮರ ಈಗ ಎಷ್ಟೆತ್ತರ ಇದೆ ಅಂತ ನಿಮ್ಮ ಫೋಟೋಗ್ರಾಫರ್‌ನ ಕಳಿಸಿ ಒಂದು ಚಿತ್ರನೂ ಹಾಕಿ.

ಇಂತಿ ನಿಮ್ಮ ಓದುಗ,
ನಿವೃತ್ತ ಶಿರಸ್ತೇದಾರ, ತುಮಕೂರು ಜಿಲ್ಲೆ